ಕಾಫಿ ಆಯ್ತಾ ಅಂತ ಕೇಳಿದ ದೀಪ

ದೆವ್ವ, ಶಕುನ ಅಂತ ಯಾರಾದರೂ ಕಥೆ ತೆಗೆದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅದಕ್ಕೆ ಕರೆಂಟು ಎಲ್ಲಿಂದ ಬಂತು?" ಎದುರಿನವರು ಮಾತು ಬದಲಿಸುತ್ತಿದ್ದರು. ಅದೇ ಪ್ರಶ್ನೆಯನ್ನು ನನಗೇ ಹಾಕಿಕೊಂಡು ಈಗ ಹದಿನೈದು ವರ್ಷ ದಾಟಿದೆ.

ಆಗ ದೋಣಿಗಲ್‌ನಲ್ಲಿ ರಸ್ತೆ ಬದಿಗೆ ನನ್ನದು ರಿಪೇರಿ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯೇ ಮನೆ. ಎದುರು ಗುಡ್ಡದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸೋಮಣ್ಣ, ಅವನೂ ಒಂಟಿ. ನಡುವೆ ಕಣಿವೆ. ಮೊಬೈಲ್ ಸಿಗ್ನಲ್ ಅವನು ಕೂರುವ ಕಾಫಿ ಸ್ಟೋರಿನ ತನಕ ಹತ್ತುತ್ತಿರಲಿಲ್ಲ. ಸಕಲೇಶಪುರದಲ್ಲಿ ಚೌಕಾಸಿ ಮಾಡಿ ಎರಡು ಹಳೇ ವೈಫೈ ರೌಟರ್ ಪೆಟ್ಟಿಗೆ ತಂದೆ. (ನೀವೂ ಕೊಳ್ಳುವುದಾದರೆ ಅಡಾಪ್ಟರ್ ಕೈಗೆ ಬರುವ ತನಕ ದರ ಒಪ್ಪಬೇಡಿ.) ಒಂದನ್ನು ನನ್ನ ಮೇಜಿನ ಮೇಲಿಟ್ಟೆ, ಇನ್ನೊಂದನ್ನು ಸೋಮಣ್ಣ ಕೂರುವ ಬೆಂಚಿನ ಪಕ್ಕ, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದೆ.

ಪುಸ್ತಕ ನೋಡಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿತು, ಪೆಟ್ಟಿಗೆಗಳಿಗೆ ಅಂತ ಸಣ್ಣ ಸ್ಕ್ರಿಪ್ಟ್ ಬರೆದೆ. ಸಾಲಿನ ಎಡಗಡೆ ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೂ ಅದು ಮುನಿಸಿಕೊಳ್ಳುತ್ತದೆ, ಹತ್ತು ದಿನ ಆಟ ಆಡಿಸಿತು. ಕೆಲಸ ಇಷ್ಟೇ: ಅವನು ಪೆಟ್ಟಿಗೆಯ ಗುಂಡಿ ಒತ್ತಿದರೆ ನನ್ನ ಪೆಟ್ಟಿಗೆಯ ದೀಪ ಒಂದು ಸಲ ಮಿಂಚಬೇಕು. ಅಂದರೆ, "ಕಾಫಿ ಆಯ್ತಾ?" ನಾನು ಒತ್ತಿದರೆ ಅವನ ದೀಪ ಎರಡು ಸಲ. "ಆಯ್ತು."

"ಇಷ್ಟು ಕೇಳಕ್ಕೆ ಇಷ್ಟೊಂದ್ ಮಿಷನ್ನಾ ಮಾರಾಯ?" ಅಂತ ನಕ್ಕಿದ್ದ. ಆದರೆ ಸಂಜೆ ನಾಲ್ಕು ಗಂಟೆ ಅವನು ಒಂದು ದಿನವೂ ತಪ್ಪಿಸಲಿಲ್ಲ. ಗಿರಾಕಿಗಳು ದರ ಕೇಳುತ್ತಿದ್ದರು. ನನ್ನ ಕಾಫಿ ಕೇಳುತ್ತಿದ್ದುದು ಆ ದೀಪ ಒಂದೇ.

ಒಂದು ಸಿಡಿಲಿಗೆ ಅವನ ಪೆಟ್ಟಿಗೆ ಸುಟ್ಟಿತು. ಬಿಚ್ಚಿ ಅಂಗಡಿಗೆ ತಂದೆ. ಮೂರನೇ ದಿನ ಅದು ಮುಚ್ಚಳವಿಲ್ಲದೆ, ವೈರ್ ಇಲ್ಲದೆ ನನ್ನ ಮುಂದೆಯೇ ಬಿದ್ದಿತ್ತು. ಗುಂಡಿಯನ್ನೂ ಕಿತ್ತು ಡಬ್ಬಿಗೆ ಹಾಕಿದ್ದೆ. ನಾಲ್ಕಕ್ಕೆ ನನ್ನ ಪೆಟ್ಟಿಗೆಯ ದೀಪ ಮಿಂಚಿತು. ಒಂದೇ ಸಲ.

ಬಂದದ್ದು, ಹೋದದ್ದು ಎಲ್ಲವನ್ನೂ ಸ್ಕ್ರಿಪ್ಟ್ ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ತೆರೆದು ನೋಡಿದೆ. ಹೊಸ ಸಾಲಿತ್ತು, ಸೋಮಣ್ಣನ ಪೆಟ್ಟಿಗೆಯ ನಂಬರಿನಿಂದ. ಉತ್ತರ ಒತ್ತಲು ಕೈ ಬರಲಿಲ್ಲ. ಸ್ಕೂಟರ್ ಹತ್ತಿದೆ.

ಲೈನ್‌ಮನೆಯ ಕೂಲಿಯವರೆಲ್ಲ ಸಂತೆಗೆ ಹೋಗಿದ್ದರು. ಕಾಫಿ ಮೂಟೆ ಉರುಳಿ ಸೋಮಣ್ಣ ಕಾಲು ಮುರಿದುಕೊಂಡು ಬೆಂಚಿನ ಪಕ್ಕ ಗೋಡೆಗೊರಗಿದ್ದ.

"ಪೆಟ್ಟಿಗೆ ಇಲ್ಲ ಅಂತ ಗೊತ್ತಿತ್ತು ಕಣೋ. ಟೈಮಾಯ್ತಲ್ಲ, ಗೋಡೆನೇ ಒತ್ಬುಟ್ಟೆ," ಅಂದ.

ರಸ್ತೆಯಲ್ಲಿ ಸಿಕ್ಕ ಜೀಪನ್ನು ಕರೆತಂದು ಅವನನ್ನು ಎತ್ತಿಸುವಾಗ ಕೇಳಿದೆ, "ಒಬ್ಬನೇ ಬಿದ್ದಿದ್ಯಲ್ಲ, ಹೆದರ್ಲಿಲ್ವಾ?"

"ಯಾಕ್ ಹೆದರ್ಲಿ? ನೀನು ಎರಡ್ ಸಲ ಮಿಂಚಿಸ್ದಲ್ಲ."

ನಾನು ಒತ್ತಿರಲಿಲ್ಲ. ಫೈಲಿನಲ್ಲೂ ಉತ್ತರದ ಸಾಲಿಲ್ಲ. ಆ ಗೋಡೆಯಲ್ಲಿ ಇದ್ದದ್ದು ಮೊಳೆಯ ಎರಡು ತೂತು, ಅಷ್ಟೇ. ಸ್ಕ್ರಿಪ್ಟನ್ನು ಸಾಲುಸಾಲಾಗಿ ಎಷ್ಟು ಸಲ ಓದಿದೆನೋ. ಒಂದು ತಪ್ಪು ಸಿಕ್ಕಿದ್ದರೆ ನೆಮ್ಮದಿಯಾಗಿರುತ್ತಿದ್ದೆ.

ಸೋಮಣ್ಣ ತೀರಿಹೋಗಿ ಆರು ವರ್ಷವಾಯಿತು. ನನ್ನ ಪೆಟ್ಟಿಗೆಯ ಕರೆಂಟು ಇವತ್ತಿಗೂ ತೆಗೆದಿಲ್ಲ. ನಾಲ್ಕಕ್ಕೆ ಮೊದಲೇ ಕಾಫಿ ಕುಡಿದಿರುತ್ತೇನೆ. ಕೇಳಿದರೆ ಸುಳ್ಳು ಹೇಳಬಾರದಲ್ಲ.