ಗುರುವಾರ ಮಧ್ಯಾಹ್ನ ಬಿಟ್ಟುಕೊಟ್ಟವರು

ಹಣೆಯ ಮೇಲೆ ಬರೀ ವಿಭೂತಿ, ಬೆರಳುಗಳ ತುಂಬ ಕುಂಕುಮ. ಗಂಡ ತೀರಿದ ಮೇಲೆ ಹಣೆಯಿಂದ ಹೋದ ಕುಂಕುಮ ಬೆರಳುಗಳಿಂದ ಹೋಗುವಂತಿರಲಿಲ್ಲ, ಅವರು ಮಾರುವ ಸರಕೇ ಅದು. ನೋಯುವ ಬಲಗಾಲನ್ನು ಬಿಸ್ಕಿಟಿನ ಖಾಲಿ ಡಬ್ಬಿಯ ಮೇಲೆ ಚಾಚಿ, ದತ್ತನ ಗುಡಿಯ ಮುಂದಿನ ಅಂಗಡಿಯಲ್ಲಿ ಕಾಯಿ, ಕರ್ಪೂರ, ಬತ್ತಾಸುಗಳ ನಡುವೆ ಅವರು ದಿನವಿಡೀ ಕೂಡುತ್ತಿದ್ದರು. ಸೋಲಾಪುರದ ಕಡೆಯ ಯಾತ್ರಿಕರು ಮರಾಠಿಯಲ್ಲಿ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಗಾಣಗಾಪುರದ ನಮಗೂ ಅವರು ಮೌಶಿಯೇ ಆದರು.

ಬಾಯಿ ಜೋರು. ಕಾಯಿಗೆ ಚೌಕಾಶಿ ಮಾಡಿದವರ ಕೈಯಿಂದ ಕಾಯಿ ಕಸಿದುಕೊಂಡು, ಇಲ್ಲಿ ಇಷ್ಟು ಜಿಪುಣತನ ಮಾಡಿ ಒಳಗೆ ಹೋಗಿ ದೇವರ ಹತ್ತಿರ ಏನೇನು ಕೇಳುತ್ತೀರಿ ಎಂದು ಮರಾಠಿಯಲ್ಲಿ ಝಾಡಿಸುತ್ತಿದ್ದರು. ಆಮೇಲೆ ಕೇಳಿದ ದರಕ್ಕೇ ಕೊಟ್ಟು, ಮೇಲೊಂದು ಹಿಡಿ ಬತ್ತಾಸು ಹಾಕುತ್ತಿದ್ದರು. ಯಾರು ಏನು ಕೇಳಿದರೂ ಮೊದಲ ಉತ್ತರ "ನೋಡೂಣು".

ನಾನಾಗ ಅಫಜಲಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ. ಓದಿನ ಖರ್ಚು ನಾನೇ ನೋಡಿಕೊಳ್ಳಬೇಕಿತ್ತು, ಹಾಗಾಗಿ ಅರ್ಧ ದಿನದ ಕೆಲಸಕ್ಕೆ ಅಂಗಡಿ ಅಂಗಡಿ ತಿರುಗಿ ಚಪ್ಪಲಿ ಸವೆಸಿದೆ. ಬಟ್ಟೆ ಅಂಗಡಿಯವರಿಗೆ ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಜನ ಬೇಕು, ನನಗೆ ಆಗ ಕ್ಲಾಸು. ಮೊಬೈಲ್ ಅಂಗಡಿಯವನಿಗೆ ಬಾಗಿಲು ಹಾಕುವ ತನಕ ಇರಬೇಕು, ನಮ್ಮೂರ ಕೊನೆಯ ಬಸ್ಸು ಅದಕ್ಕಿಂತ ಮೊದಲು. ಸವೆದ ಚಪ್ಪಲಿಯಲ್ಲೇ ಚಪ್ಪಲಿ ಅಂಗಡಿಗೂ ಹೋದೆ. ಸಾಹುಕಾರರು ನನ್ನ ಟೈಮ್‌ಟೇಬಲ್ ಪೂರ್ತಿ ಕೇಳಿಸಿಕೊಂಡು, ಮೂರು ವರ್ಷದ ಕಾಲೇಜು ಪೂರ್ತಿ ಮುಗಿಸಿಕೊಂಡೇ ಬಾ, ಕಾಯುತ್ತೇನೆ ಎಂದರು. ಅಂಗಡಿಯ ಹುಡುಗರೆಲ್ಲ ನಕ್ಕರು. ಮೊದಲು ಎಲ್ಲದಕ್ಕೂ ಹೂಂ ಅನ್ನು, ಆಮೇಲೆ ಹೊಟ್ಟೆನೋವು ಅಂತ ರಜೆ ಹಾಕು ಎಂದು ಗೆಳತಿಯರು ಬುದ್ಧಿ ಹೇಳಿದರು.

ಮೌಶಿಗೆ ಅಂಗಡಿಯಲ್ಲಿ ಕೈಜೋಡಿಸಲು ಹುಡುಗಿ ಬೇಕಂತೆ ಎಂದು ಸುದ್ದಿ ತಂದವಳು ನಮ್ಮವ್ವ. ಹೋದರೆ ನಮ್ಮ ಓಣಿಯ ಹುಡುಗಿಯೊಬ್ಬಳು ಆಗಲೇ ಮೆಟ್ಟಿಲ ಮೇಲೆ ಕೂತಿದ್ದಳು. ಓದು ಬಿಟ್ಟು ಮನೆಯಲ್ಲಿದ್ದವಳು, ಯಾವ ದಿನ ಯಾವ ಹೊತ್ತಿಗೆ ಕರೆದರೂ ಬರುತ್ತೇನೆ ಎಂದಳು. ನಮ್ಮೂರಲ್ಲಿ ಗುರುವಾರ ದತ್ತನ ವಾರ, ಜನ ಕಿಕ್ಕಿರಿಯುವುದೇ ಅವತ್ತು. ನನಗೋ ಪ್ರತಿ ಗುರುವಾರ ಪ್ರ್ಯಾಕ್ಟಿಕಲ್, ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ತಿರುಗಿ ತಿರುಗಿ ಸುಳ್ಳು ಹೇಳುವ ಹುರುಪೂ ಉಳಿದಿರಲಿಲ್ಲ, ಕೇಳುವ ಮೊದಲೇ ಹೇಳಿಬಿಟ್ಟೆ.

"ಗುರುವಾರನಾ ಬರಂಗಿಲ್ಲಂದ್ರ ನೀ ಯಾಕ ಬೇಕವಾ ನನಗ?" ಎಂದರು ಮೌಶಿ.

ನಾನು ಎದ್ದು ನಿಂತೆ. ಅವರು ನನ್ನ ಕಾಲೇಜು ಚೀಲವನ್ನು ಸ್ವಲ್ಪ ಹೊತ್ತು ನೋಡಿ, "ನೋಡೂಣು" ಎಂದರು. ಮರುದಿನ ಕರೆ ಬಂದದ್ದು ನನಗೆ. ನನ್ನ ಮರಾಠಿ ಚೊಕ್ಕ, ಅದಕ್ಕೇ ನನ್ನನ್ನು ಆರಿಸಿದ್ದಾರೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಸಂಜೆಗಳು, ಭಾನುವಾರ, ಹುಣ್ಣಿಮೆ ನನ್ನ ಪಾಲಿಗೆ. ಗಿರಾಕಿ ಇಲ್ಲದಾಗ ಕಾಯಿ ಚೀಲಗಳ ಹಿಂದೆ ಕೂತು ಓದಬಹುದಿತ್ತು. ಗುರುವಾರ ಸಂಜೆ ಬಸ್ಸಿಳಿದು ಬಂದರೆ, "ಬಂದ್ಲು ನೋಡ್ರಿ ಗುರುವಾರದ ಕಳ್ಳಿ" ಎಂದು ಗಿರಾಕಿಗಳ ಮುಂದೆಯೇ ಕಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಎರಡನೆಯ ವರ್ಷ ಒಂದು ಗುರುವಾರ ನಮ್ಮ ಸರ್ ಬರಲಿಲ್ಲ, ಪ್ರ್ಯಾಕ್ಟಿಕಲ್ ರದ್ದಾಯಿತು. ಮಧ್ಯಾಹ್ನದ ಬಸ್ಸಿಗೇ ಬಂದು ನೆಟ್ಟಗೆ ಅಂಗಡಿಗೆ ಹೋದೆ. ಜೋಳಿಗೆ ಹಿಡಿದ ಮುದುಕರೊಬ್ಬರು ಮೆಟ್ಟಿಲ ಕೆಳಗೆ ನಿಂತಿದ್ದರು. ಮೌಶಿ ತಲೆ ಎತ್ತದೆ, "ಮುಂದ ಹೋಗ್ರಿ ಮಹಾರಾಜ್" ಎಂದರು.

ನನಗೆ ಅದು ನಂಬುವ ಮಾತೇ ಆಗಿರಲಿಲ್ಲ. ಗಾಣಗಾಪುರದಲ್ಲಿ ದತ್ತಾತ್ರೇಯ ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ ಇದೆ. ಆ ಹೊತ್ತಿಗೆ ಭಕ್ತರೂ ಐದು ಮನೆ ತಿರುಗಿ ಬೇಡುತ್ತಾರೆ, ಆ ಭಿಕ್ಷೆಗೆ ಮಧುಕರಿ ಎನ್ನುತ್ತಾರೆ. ಬಂದವರಲ್ಲಿ ಅವನು ಯಾರೋ ಗೊತ್ತಾಗುವುದಿಲ್ಲವಾದ್ದರಿಂದ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಗುರುವಾರ ಮೌಶಿಯ ಮನೆಯ ಹೊಸ್ತಿಲಲ್ಲಿ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಪ್ಪುತ್ತಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಪಕ್ಕದ ಹೂವಿನ ಅಂಗಡಿಯ ಕಾಕಾನನ್ನು ಕೇಳಿದೆ. ಮೌಶಿಯ ಗಂಡ ಇರುವವರೆಗೆ ಆ ಹೊತ್ತಿಗೆ ಅಂಗಡಿಯಲ್ಲಿ ಅವರೇ ಕೂಡುತ್ತಿದ್ದರಂತೆ, ಮೌಶಿ ಮನೆಗೆ ಹೋಗಿ ಅಡುಗೆ ಮಾಡಿ ನೀಡುತ್ತಿದ್ದರಂತೆ. ಅಂಗಡಿಯ ಬಾಗಿಲು ಹಾಕೋಣವೆಂದರೆ ವಾರದ ವ್ಯಾಪಾರವೆಲ್ಲ ಆಗುವುದೇ ಆಗ. ಇಲ್ಲಿಗೇ ಬುತ್ತಿ ತಂದು ನೀಡಿ ಎಂದು ಕಾಕಾ ಹೇಳಿದ್ದಕ್ಕೆ, ಮಧುಕರಿ ಹೊಸ್ತಿಲಲ್ಲಿ ನೀಡಬೇಕು, ಗಲ್ಲಾಪೆಟ್ಟಿಗೆಯ ಮುಂದಲ್ಲ ಎಂದು ಜಬರಿಸಿದ್ದರಂತೆ.

"ಆ ಹೊತ್ತಿಗಿ ಕೂಡ್ಲಾಕಂತನಾ ಆಕಿ ಹುಡುಗಿ ಹುಡುಕಿದ್ದು ಬೇ," ಎಂದರು ಕಾಕಾ. "ನಿನಗ ಹೇಳಿಲ್ಲೇನು?"

ಮರುದಿನವೇ ಕಾಲೇಜಿನಲ್ಲಿ ನನ್ನ ಬ್ಯಾಚು ಬದಲಿಸಿ ಎಂದು ಗೋಗರೆದೆ, ಆಗಲಿಲ್ಲ. ಕೆಲಸ ಬಿಡುತ್ತೇನೆ, ಆ ಹುಡುಗಿಯನ್ನೇ ಕರೆಸಿ ಎಂದು ಮೌಶಿಗೆ ಹೇಳಿದೆ. ಅವಳೀಗ ಅಫಜಲಪುರದ ಬಟ್ಟೆ ಅಂಗಡಿಯಲ್ಲಿದ್ದಾಳೆ, ನೀನು ಬಾಯಿ ಮುಚ್ಚಿಕೊಂಡು ಓದು ಎಂದು ರೇಗಿದರು. ಮುಂದಿನ ಗುರುವಾರ ನಾನು ಬಸ್ಸು ಹತ್ತಿದೆ. ಅದರ ಮುಂದಿನ ಗುರುವಾರವೂ ಹತ್ತಿದೆ. ಬೇರೆ ಏನು ಮಾಡಬಹುದಿತ್ತೋ ನನಗೆ ತಿಳಿಯಲಿಲ್ಲ. ಆದರೆ ಲ್ಯಾಬಿನಲ್ಲಿ ಮಧ್ಯಾಹ್ನವಾಯಿತೆಂದರೆ ಡಬ್ಬಿಯ ರೊಟ್ಟಿಯನ್ನು ಗೆಳತಿಯರಿಗೆ ಕೊಟ್ಟುಬಿಡುತ್ತಿದ್ದೆ.

ಡಿಗ್ರಿ ಮುಗಿದು, ಬಿ.ಎಡ್. ಆಗಿ, ಜೇವರ್ಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಮೌಶಿಯ ಕಾಲು ಪೂರ್ತಿ ಬಿದ್ದುಹೋಗಿ, ಅಂಗಡಿ ಬೇರೆಯವರ ಪಾಲಾಗಿ, ಆಳಂದದಲ್ಲಿದ್ದ ಮಗಳು ಅವರನ್ನು ಕರೆದೊಯ್ದಿದ್ದಳು. ಹೋದ ವರ್ಷ ದಸರಾ ರಜೆಯಲ್ಲಿ ನೋಡಲು ಹೋದೆ. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬೆರಳುಗಳು ತೊಳೆದಂತೆ ಬಿಳುಪಾಗಿದ್ದವು. ಮಗಳು ಚಹಾ ಮಾಡಲು ಒಳಗೆ ಹೋದಾಗ, ಇಷ್ಟು ವರ್ಷ ಕೇಳದೆ ಉಳಿಸಿಕೊಂಡದ್ದನ್ನು ಕೇಳಿದೆ.

"ಆಕಿನ್ನ ಇಟ್ಕೊಂಡಿದ್ರ ನಿಮ್ಮ ಮಧುಕರಿ ನಡೀತಿತ್ತಲ್ರಿ ಮೌಶಿ. ನನ್ನ ಯಾಕ ಇಟ್ಕೊಂಡ್ರಿ?"

"ಆಕಿಗಿ ಯಾವ ಅಂಗಡ್ಯಾಗಾದ್ರೂ ಕೆಲಸ ಸಿಗ್ತಿತ್ತವಾ," ಎಂದರು. "ನಿನಗ ಗುರುವಾರ ಬಿಡೋರು ಯಾರಿದ್ರು?"

ಮರಾಠಿಯ ಜಂಬ ಅಲ್ಲೇ ಇಳಿಯಿತು. ಬಾಗಿಲ ಕಡೆ ನೋಡಿ, ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿ, ಎಂದೂ ಯಾರನ್ನೂ ಏನೂ ಕೇಳದಿದ್ದ ಆ ಹೆಂಗಸು ನನ್ನನ್ನು ಕೇಳಿದರು:

"ಮುಂದ ಹೋಗ್ರಿ ಅಂತ ಎಷ್ಟೋ ಮಂದಿಗಿ ಅಂದೇನಿ. ನೀ ಓದಿದಾಕಿ, ಖರೆ ಹೇಳು. ಅವರಾಗ ಒಬ್ಬಾತ ದತ್ತನಾ ಇದ್ದಿದ್ರ?"

ಇದ್ದಿರಲಿಕ್ಕಿಲ್ಲ ಬಿಡ್ರಿ ಎಂದೆ. ಅವರು ನನ್ನ ಮುಖ ನೋಡಿ ಹೂಂ ಎಂದರು, ನಂಬಲಿಲ್ಲ. ದೀಪಾವಳಿಗೆ ಮೊದಲೇ ಹೋಗಿಬಿಟ್ಟರು. ಇಂದು ನಾನು ಉಣ್ಣುವ ಅನ್ನ ಅವರು ಬಿಟ್ಟುಕೊಟ್ಟ ಆ ಮಧ್ಯಾಹ್ನಗಳಿಂದ ಬಂದದ್ದು. ಅವರು ಮಾತ್ರ ಆ ಭಯವನ್ನು ಜೊತೆಗೆ ಕಟ್ಟಿಕೊಂಡೇ ಹೋದರು, ನನ್ನ ಸಲುವಾಗಿ.