ಹಂಪವ್ವನ ಕೋಳಿಮರಿಗಳು ಮತ್ತು ಮೂರು ಸುಟ್ಟ ಬಲ್ಬು

ಮೊಣಕಾಲು ಸೋತ ಮೇಲೆ ಮರಳಿ ಊರಿನ ಹಂಪವ್ವ ಭತ್ತದ ನಾಟಿಗೆ ಹೋಗುವುದನ್ನು ಬಿಟ್ಟು ಜವಾರಿ ಕೋಳಿಮರಿ ಸಾಕತೊಡಗಿದಳು. ತಗಡನ್ನು ದುಂಡಗೆ ಸುತ್ತಿ ಮಾಡಿದ ಆವರಣದೊಳಗೆ ಭತ್ತದ ಹೊಟ್ಟು ಹಾಸಿ, ಮೇಲಿಂದ ಇನ್ನೂರು ವ್ಯಾಟಿನ ಹಳೇ ನಮೂನೆಯ ಬಲ್ಬು ಇಳಿಬಿಟ್ಟಿದ್ದಳು. ತಾಯಿಕೋಳಿ ಇಲ್ಲದ ಮರಿಗಳಿಗೆ ಅದರದೇ ಕಾವು.

ಕಳೆದ ಚಳಿಗಾಲದಲ್ಲಿ ಬಲ್ಬುಗಳು ಒಂದರ ಹಿಂದೊಂದು ಸುಟ್ಟವು. ಹೆಚ್ಚು ದಿನ ಬಾಳಲೆಂದು ಆಕೆ ಬಿಸಿಲೇರಿದೊಡನೆ ಆರಿಸಿ ಸಂಜೆ ಹಚ್ಚುತ್ತಿದ್ದಳು. ಮೂರೂ ಬಲ್ಬು ಸಂಜೆ ಸ್ವಿಚ್ಚು ಒತ್ತಿದಾಗಲೇ ಟಪ್ಪೆಂದು ಹೋದವು. ಉರಿಯುತ್ತಿದ್ದಾಗ ಒಂದೂ ಹೋಗಿರಲಿಲ್ಲ!

ಬೇಸತ್ತು ಎಲ್‌ಇಡಿ ಬಲ್ಬು ಹಾಕಿದಳು. ಹಾಲು ಚೆಲ್ಲಿದಂಥ ಬೆಳಕು. ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಹನ್ನೊಂದು ಮರಿ ಸತ್ತಿದ್ದವು. ಇಷ್ಟು ಬೆಳಕಿದ್ದೂ ಚಳಿಯೇಕೆ? ಸತ್ತ ಮರಿಗಳನ್ನು ಸೆರಗಿಗೆ ಹಾಕಿಕೊಂಡು ಹೋಗಿ ಹಿತ್ತಲಲ್ಲಿ ಹೂಳಿದಳು.

ಆಮೇಲೆ ಸುಟ್ಟ ಬಲ್ಬುಗಳನ್ನು ಊರಿನಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಮರ್ದಾನಸಾಬನ ಬಳಿ ಒಯ್ದಳು.

“ಅಣ್ಣಾ, ಭಾಳ ದಿನ ಬಾಳಲಿ ಅಂತ ನಾ ಹಗಲಿಗೆ ಆರಿಸಿ ಜ್ವಾಕಿ ಮಾಡಿದ್ದ ತಪ್ಪಾತೇನ್ರಿ?”

ಆತ ಒಂದನ್ನು ಬಿಸಿಲಿಗೆ ಹಿಡಿದ. ಗಾಜಿನ ಒಳಮೈ ಕಪ್ಪಾಗಿತ್ತು.

“ಇದು ಹೊಗಿ ಅಲ್ಲಕ್ಕ. ಒಳಗಿನ ತಂತಿ ಕಾದು ಕಾದು ಆವಿ ಆಗಿ ಗಾಜಿಗೆ ಕುಂತೈತಿ. ಉರಿದಷ್ಟೂ ತಂತಿ ಸವೀತೈತಿ. ತೆಳ್ಳಗಾದಲ್ಲಿ ಕಾವು ಜಾಸ್ತಿ, ಕಾವು ಜಾಸ್ತಿ ಆದಲ್ಲಿ ಮತ್ತಷ್ಟು ಸವೀತೈತಿ.”

“ಹಂಗಾದ್ರ ಉರಿಯೋವಾಗ ಹೋಗಬೇಕಿತ್ತಲ್ರಿ?”

“ತಂತಿ ತಣ್ಣಗಿದ್ದಾಗ ಕರೆಂಟಿಗೆ ಅಡ್ಡಿ ಕಡಿಮಿ. ಹಚ್ಚಿದ ಕೂಡ್ಲೇ ಒಮ್ಮಿಗೇ ನುಗ್ಗತೈತಿ. ಸವೆದ ಜಾಗ ತಾಳಂಗಿಲ್ಲ, ಹರೀತೈತಿ. ಆ ಎಲ್‌ಇಡಿಯೊಳಗ ಇಂಥ ತಂತಿನೇ ಇಲ್ಲ, ಅದರ ಕಾವು ಮರಿಗೆ ಸಾಲಂಗಿಲ್ಲ.”

ಹಂಪವ್ವ ತಲೆಯಾಡಿಸಿದಳು. ಅರ್ಥವಾಗಿದ್ದು ಅರ್ಧ. ಹಾಗಾದರೆ ತಪ್ಪು ತಂತಿಯದೋ, ಕರೆಂಟಿನದೋ, ತನ್ನ ಕೈಯದೋ?

ಮರ್ದಾನಸಾಬ ಮನೆಗೇ ಬಂದು ಅದೇ ಹಳೇ ನಮೂನೆಯ ಎರಡು ಹೊಸ ಬಲ್ಬುಗಳನ್ನು, ಒಂದರೊಳಗಿಂದ ಹಾದ ಕರೆಂಟೇ ಇನ್ನೊಂದಕ್ಕೆ ಹೋಗುವಂತೆ ಒಂದರ ಬಾಲಕ್ಕೊಂದು ಜೋಡಿಸಿ, ಮರಿಗಳ ಸಮೀಪಕ್ಕೆ ಇಳಿಸಿ ಸ್ವಿಚ್ಚು ಒತ್ತಿದ. “ಎರಡೂ ಕರೆಂಟಿನ ಜೋರು ಹಂಚ್ಕೋತಾವ. ಬೆಳಕು ಮಂಕು, ಬಾಳಿಕಿ ಭಾಳ. ಹತ್ತಿರ ಇಳಿಸೀನಿ, ಮರಿಗೆ ಕಾವು ಸಾಕಾಗತೈತಿ.”

“ಒಂದು ಇದ್ದಲ್ಲಿ ಎರಡು ಹಾಕಿದ್ರ ಬೆಳಕು ಕಡಿಮಿ ಆತು! ಇದೆಂಥಾದ್ರಿ ಅಣ್ಣಾ?” ಎಂದು ಆಕೆ ಬಾಯಿ ಬಿಟ್ಟಳು.

ಬಲ್ಬುಗಳು ಕೆಂಡದಂತೆ ಕೆಂಪಗೆ ಉರಿದವು. ದೂರ ನಿಂತಿದ್ದ ಮರಿಗಳು ಮೆಲ್ಲಗೆ ಬಂದು ಕಾಲು ಚಾಚಿ ಮಲಗಿದವು. ಯುಗಾದಿಯವರೆಗೂ ಒಂದೂ ಬಲ್ಬು ಸುಡಲಿಲ್ಲ.

ಈಗ ಕೋಳಿ ಸಾಕುವ ಹೆಂಗಸರು ಬಂದು ಕೇಳಿದರೆ ಹಂಪವ್ವ ಜೋಡಿ ಬಲ್ಬು ತೋರಿಸುತ್ತಾಳೆ. “ಯಾಕಂತ ಕೇಳಬ್ಯಾಡ್ರಿ, ನನಗೂ ಪೂರಾ ತಿಳಿದಿಲ್ಲ,” ಎನ್ನುತ್ತಾಳೆ.