ತೊಳೆದ ಗಿಟಾರು

ಗಿಟಾರನ್ನು ಬೋರಲು ಹಿಡಿದು ಅಲುಗಿಸಿದಾಗ ಒಳಗಿನಿಂದ ಚೆಂಡುಹೂವಿನ ಎಸಳುಗಳೂ ಒಂದು ಒಣಮೆಣಸಿನಕಾಯಿಯೂ ಉದುರಿದವು.

ಕೊಳ್ಳೇಗಾಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ತಂತಿವಾದ್ಯಗಳನ್ನು ರಿಪೇರಿ ಮಾಡುತ್ತೇನೆ. ಪಿಟೀಲು, ತಂಬೂರಿ ಬರುತ್ತವೆ, ಹೆಚ್ಚಾಗಿ ಗಿಟಾರು. ಮೆಣಸಿನಕಾಯಿ ಬಂದದ್ದು ಅದೇ ಮೊದಲು. ತಂದವರು ಕುಂತೂರಿನ ಒಬ್ಬ ಹೆಂಗಸು, ನಮ್ಮಮ್ಮನ ವಯಸ್ಸಿನವರು. ಗಿಟಾರು ಅವರ ಮಗನದು.

"ನೀರು ಬಿದ್ದಿತ್ತಾ ಅಮ್ಮಾ?"

"ಬೀಳದೇನು, ನಾನೇ ಉಯ್ದಿ. ಆಯುಧಪೂಜೆ ಅಲ್ವಾ? ಟ್ಯಾಕ್ಟ್ರು ತೊಳುದ್ವಿ, ಮಚ್ಚು, ಕುಡ್ಲು ಎಲ್ಲಾ ತೊಳುದ್ವಿ. ಇದೊಂದ್ನ ತೊಳೀದೆ ಎಂಗವ್ವ ಪೂಜೆಗ ಮಡಗದು?"

"ಆಮೇಲೆ?"

"ಆಮೇಲೆ ಬಿಸ್ಲುಗ ಆಕ್ದಿ, ಮೆಣಸಿನ್ಕಾಯಿ ಜೊತ್ಗ."

ನಾನು ಮುಖ ತಿರುಗಿಸಿ, ಸ್ಕ್ರೂ ಡಬ್ಬಿಯಲ್ಲಿ ಇಲ್ಲದ ಏನನ್ನೋ ಸ್ವಲ್ಪ ಹೊತ್ತು ಹುಡುಕಿದೆ. ನೀರಿಗೆ ಅಂಟು ಮೆತ್ತಗಾಗಿ, ತಂತಿಗಳ ಬಿಗಿತಕ್ಕೆ, ಅವುಗಳನ್ನು ಹಿಡಿದಿಡುವ ಮರದ ಪಟ್ಟಿ, ಬ್ರಿಡ್ಜ್, ಕಿತ್ತು ಬಂದಿತ್ತು. ಪೂಜೆಗೆ ಬಳಿದ ಮೂರು ಗೆರೆ ವಿಭೂತಿ ಮಾತ್ರ ಗಟ್ಟಿಯಾಗಿತ್ತು.

ಮಗ ಟ್ರ್ಯಾಕ್ಟರ್ ತೆಗೆದುಕೊಂಡು ಹನೂರು ಕಡೆ ಕಬ್ಬು ತುಂಬಲು ಹೋಗಿದ್ದನಂತೆ. ಫ್ಯಾಕ್ಟರಿಯ ಸರದಿಯಲ್ಲಿ ನಿಂತು ಮನೆಗೆ ಬರುವುದು ಮಾರನೆಯ ದಿನ ಮಧ್ಯಾಹ್ನ. ಸಂಜೆ ಯಳಂದೂರಿನಲ್ಲಿ ಗೆಳೆಯನ ಆರತಕ್ಷತೆಗೆ ಬಾರಿಸಬೇಕು. ಅಷ್ಟರೊಳಗೆ ಗಿಟಾರು ಏನೂ ಆಗಿಲ್ಲವೆಂಬಂತೆ ಗೋಡೆಯ ಮೊಳೆಗೆ ಮರಳಬೇಕು.

"ಬೋದ್ರೆ ಬೋಯ್ಲಿ ಅನ್ಬೋದು. ಅವ ಬೋಯಲ್ಲ ಕಣವ್ವ, ಸುಮ್ಗಾಗ್ಬುಡ್ತನ. ಅದ ತಡಿಯಕ್ಕಾಗಲ್ಲ ನಂಗ."

ಹಳೆಯ ಅಂಟು ಕೆರೆದು, ಹೊಸದು ಹಚ್ಚಿ, ಬ್ರಿಡ್ಜನ್ನು ಕ್ಲಾಂಪುಗಳಲ್ಲಿ ಬಿಗಿದೆ. ಬೆಳಗಿನವರೆಗೆ ಮುಟ್ಟುವಂತಿಲ್ಲ ಎಂದು ಹೇಳಿ ಅವರನ್ನು ಕಳಿಸಿದೆ.

ಸಂಜೆ ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿತು. ಚಾಲಕ ಇಳಿದು ಬಾಗಿಲಲ್ಲಿ ನಿಂತ.

"ಅಕ್ಕಾ, ಗಿಟಾರೊಂದು ಅದ. ಬ್ರಿಡ್ಜ್ ಎದ್ದೋಗದ. ನಾಳ ಮಧ್ಯಾನ ತಂದ್ರೆ..." ಎಂದವನು ನನ್ನ ಹಿಂದಿನ ಮೇಜು ನೋಡಿ ನಿಲ್ಲಿಸಿದ. ವಿಭೂತಿ ಹಚ್ಚಿದ ಗಿಟಾರು ಊರಲ್ಲಿ ಇನ್ನೊಂದು ಇರುವ ಹಾಗಿರಲಿಲ್ಲ.

"ನಮ್ಮವ್ವ ಬಂದಿತ್ತಾ?"

"ಯಾರು ಬಂದ್ರು ಅಂತ ನಾನು ಹೇಳಲ್ಲ," ಎಂದೆ.

ಅವನು ನಕ್ಕ. "ಪೂಜೆ ದಿವ್ಸವೇ ನೋಡ್ದಿ ಅಕ್ಕಾ. ಎತ್ಕಂಡ್ರೆ ಒಳ್ಗ ಕೊಡದಂಗ ನೀರು ಅಲ್ಲಾಡ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಏಳದು? ಟ್ಯಾಕ್ಟ್ರುಗಿಂತ ಇದ್ನೇ ಚೆಂದಾಗಿ ತೊಳ್ದವ್ಳ." ಹೊರಡುತ್ತಾ, "ನಾ ಬಂದಿದ್ದು ಏಳ್ಬ್ಯಾಡಿ. ಗೊತ್ತಿಲ್ದಂಗೇ ಇರ್ತೀನಿ," ಎಂದು ಟ್ರ್ಯಾಕ್ಟರ್ ಹತ್ತಿದ.

ಒಂದೇ ಮನೆಯ ಎರಡು ಗುಟ್ಟುಗಳನ್ನು ನನ್ನಲ್ಲಿ ಒತ್ತೆ ಇಟ್ಟಂತಾಯಿತು. ಮಾತು ಕಡಿಮೆ ಇರುವವರಿಗೆ ಇಂಥ ಕೆಲಸ ತಾನಾಗಿಯೇ ಹುಡುಕಿಕೊಂಡು ಬರುತ್ತದೆ.

ಮರುದಿನ ಬೆಳಿಗ್ಗೆ ಕ್ಲಾಂಪು ಬಿಚ್ಚಿ, ತಂತಿ ಕಟ್ಟಿ, ಶ್ರುತಿ ಮಾಡಿದೆ. ಬ್ರಿಡ್ಜ್ ಅಲುಗಲಿಲ್ಲ. ಮೊದಲ ಬಸ್ಸಿಗೇ ಬಂದ ಆ ತಾಯಿ ಅಂಟಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು.

"ಅವುನ್ಗ ಗೊತ್ತಾದ್ದಾ ಮಗಾ?"

"ನೋಡಿದ್ರೆ ಗೊತ್ತಾಗಲ್ಲಮ್ಮಾ," ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇನ್ನೇನಾದರೂ ಕೇಳಿಬಿಡುತ್ತಾರೆಂದು ಗಿಟಾರನ್ನು ನಾನೇ ಎತ್ತಿಕೊಂಡು ಬಸ್‌ ಸ್ಟ್ಯಾಂಡಿನವರೆಗೂ ಮುಂದೆ ಮುಂದೆ ನಡೆದೆ.